ಪುಸ್ತಕದ ಪಟ್ಟಿ ಪಕ್ಕಕ್ಕಿಡಿ, ಮೊದಲು ಸಿಲೆಬಸ್ ಓದಿ

ಪ್ರಶ್ನೆ: ಸರ್, ನಾನು ಬ್ಯಾಡಗಿ ಹತ್ತಿರದ ಹಳ್ಳಿಯವಳು. ಬಿ.ಎ. ಕೊನೆಯ ವರ್ಷ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಯುಪಿಎಸ್‌ಸಿ ಸಿವಿಲ್ ಸರ್ವೀಸ್ ಪರೀಕ್ಷೆ ಬರೆಯುವ ಆಸೆಯಿದೆ. ಸಿಲೆಬಸ್ ಡೌನ್‌ಲೋಡ್ ಮಾಡಿದೆ. ಪ್ರಿಲಿಮ್ಸ್ ಮೊದಲ ಪತ್ರಿಕೆಗೆ ಏಳೇ ಸಾಲು ಇದೆ. ಆದರೆ ಸೀನಿಯರ್ ಒಬ್ಬರು ಕೊಟ್ಟ ಪಟ್ಟಿಯಲ್ಲಿ 43 ಪುಸ್ತಕಗಳಿವೆ. ಯಾವುದನ್ನು ನಂಬಲಿ? ಮೂರು ಹಂತಕ್ಕೂ ಬೇರೆ ಬೇರೆ ಓದಬೇಕಾ? ಕನ್ನಡದಲ್ಲಿ ಬರೆಯಬಹುದಾ? ಜೊತೆಗೆ ಕೆಎಎಸ್‌ಗೂ ಓದಬಹುದಾ?

ಉತ್ತರ: ಆ ಏಳು ಸಾಲನ್ನು ನಂಬಿ. 43 ಪುಸ್ತಕದ ಪಟ್ಟಿಯನ್ನು ಮಡಚಿ ಎಲ್ಲಾದರೂ ಇಡಿ. ಹರಿದು ಹಾಕಬೇಡಿ, ಮುಂದೆ ಅದರಲ್ಲಿ ಹತ್ತೋ ಹನ್ನೆರಡೋ ಪುಸ್ತಕ ಬೇಕಾಗುತ್ತವೆ. ಆದರೆ ಯಾವ ಹತ್ತು ಎಂದು ಸಿಲೆಬಸ್ ಓದಿದ ಮೇಲೆ ನೀವೇ ಆರಿಸಬೇಕು, ಸೀನಿಯರ್ ಅಲ್ಲ. ನಾನು ಎರಡು ಸಲ ಮೇನ್ಸ್ ಬರೆದು, ಒಮ್ಮೆ ಸಂದರ್ಶನದವರೆಗೆ ಹೋಗಿ, ಕೊನೆಯ ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸ್ ಬಂದವನು. ಮೊದಲ ಎರಡು ವರ್ಷ ಪುಸ್ತಕ ಕೊಳ್ಳುವುದರಲ್ಲೇ ಕಳೆದೆ. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಹಟವಿದೆ.

ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ ಎಂದು ಬರೆದಿದ್ದೀರಲ್ಲ, ಅದನ್ನೇ ಇಟ್ಟುಕೊಂಡು ಮಾತಾಡೋಣ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ಈ ಮೂರು ಹಂತದಲ್ಲೂ ಓದುವ ವಿಷಯ ಹೆಚ್ಚುಕಡಿಮೆ ಒಂದೇ. ಕೇಳುವ ರೀತಿ ಮಾತ್ರ ಬೇರೆ.

ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಜಿಐ ಟ್ಯಾಗ್ ಇದೆ. ಇದು ನಿಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಪ್ರಿಲಿಮ್ಸ್‌ಗೆ ಇಷ್ಟೇ ಸಾಲದು. 2018ರ ಪ್ರಿಲಿಮ್ಸ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು: ಭಾರತ 1999ರಲ್ಲಿ ಜಿಐ ಕಾಯ್ದೆ ಮಾಡಿದ್ದು ಯಾವ ಸಂಸ್ಥೆಯ ಕಟ್ಟುಪಾಡಿಗಾಗಿ? ಉತ್ತರ ವಿಶ್ವ ವ್ಯಾಪಾರ ಸಂಸ್ಥೆ. ಈಗ ಸಿಲೆಬಸ್‌ನ ಏಳು ಸಾಲು ನೋಡಿ: ಪ್ರಚಲಿತ ಘಟನೆ, ಭಾರತದ ಇತಿಹಾಸ ಮತ್ತು ರಾಷ್ಟ್ರೀಯ ಚಳವಳಿ, ಭಾರತ ಮತ್ತು ಪ್ರಪಂಚದ ಭೂಗೋಳ, ರಾಜ್ಯವ್ಯವಸ್ಥೆ ಮತ್ತು ಆಡಳಿತ, ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿ, ಪರಿಸರ, ಸಾಮಾನ್ಯ ವಿಜ್ಞಾನ. ಜಿಐ ಎಂಬ ಪದವೇ ಅಲ್ಲಿಲ್ಲ, ಆದರೂ ಪ್ರಶ್ನೆ ಬಂತು. ಅಂದರೆ ಈ ಸಿಲೆಬಸ್ ಹೊಲದ ಬದುವಿನ ಹಾಗೆ. ಒಳಗೆ ಏನೇನು ಬೆಳೆದಿದೆ ಎಂದು ಬದು ಹೇಳುವುದಿಲ್ಲ. ಅದನ್ನು ಹೇಳುವುದು ಹಳೆಯ ಪ್ರಶ್ನೆಪತ್ರಿಕೆಗಳು. ಆಯೋಗದ ವೆಬ್‌ಸೈಟ್‌ನಲ್ಲೇ ಅವು ಪುಕ್ಕಟೆ ಸಿಗುತ್ತವೆ. ಹತ್ತು ವರ್ಷದ ಪತ್ರಿಕೆ ತೆಗೆದುಕೊಂಡು, ಒಂದೊಂದು ಪ್ರಶ್ನೆಯನ್ನೂ ಈ ಏಳು ಸಾಲಿನಲ್ಲಿ ಯಾವುದರ ಕೆಳಗೆ ಬರುತ್ತದೆ ಎಂದು ಬರೆದುಕೊಳ್ಳಿ. ಬೇಸರದ ಕೆಲಸ, ಹದಿನೈದು ದಿನ ಹಿಡಿಯುತ್ತದೆ. ಅದು ಮುಗಿದ ಮೇಲೆ ಆ 43 ಪುಸ್ತಕದ ಪಟ್ಟಿ ತೆರೆದು ನೋಡಿ, ನಿಮಗೇ ನಗು ಬರುತ್ತದೆ.

ಇನ್ನು ಪ್ರಿಲಿಮ್ಸ್‌ನ ಸ್ವಭಾವ. ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ಒಂದು ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ. ಇಲ್ಲಿ ತೆಗೆದ ಅಂಕ ಕೊನೆಯ ರ‍್ಯಾಂಕಿಗೆ ಸೇರುವುದೇ ಇಲ್ಲ. ಜನರನ್ನು ಸೋಸುವುದಷ್ಟೇ ಇದರ ಕೆಲಸ. ಅದನ್ನು ಹೇಗೆ ಮಾಡುತ್ತದೆ ನೋಡಿ. 2023ರಲ್ಲಿ ಅರ್ಜಿ ಹಾಕಿದವರು 10 ಲಕ್ಷದ ಮೇಲೆ. ಪರೀಕ್ಷೆಗೆ ಬಂದವರು ಸುಮಾರು 5.92 ಲಕ್ಷ. ಮೇನ್ಸ್‌ಗೆ ಹೋದವರು 14,624. ಅಂದರೆ ನೂರರಲ್ಲಿ 97ಕ್ಕೂ ಹೆಚ್ಚು ಜನ ಮೊದಲ ಬಾಗಿಲಲ್ಲೇ ವಾಪಸ್. ಮುಂದೆ ಸಂದರ್ಶನಕ್ಕೆ ಹೋದವರು 2,855, ಆಯ್ಕೆಯಾದವರು 1,016. ಸಂಖ್ಯೆ ಹೇಳಿದ್ದು ಹೆದರಿಸಲಿಕ್ಕಲ್ಲ. ಸಂದರ್ಶನದ ಕೊಠಡಿಯಲ್ಲಿ ಮೂವರಲ್ಲಿ ಒಬ್ಬರಿಗೆ ಕೆಲಸ ಸಿಗುತ್ತದೆ, ಪ್ರಿಲಿಮ್ಸ್ ಹಾಲ್‌ನಲ್ಲಿ ನಲವತ್ತು ಜನರಲ್ಲಿ ಒಬ್ಬರು ದಾಟುತ್ತಾರೆ. ಸಂದರ್ಶನಕ್ಕೆ ಕೋಟು ಹೊಲಿಸುವ ಬಗ್ಗೆ ಈಗಲೇ ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಅದೇ 2023ರಲ್ಲಿ ಸಾಮಾನ್ಯ ವರ್ಗದ ಪ್ರಿಲಿಮ್ಸ್ ಕಟ್‌ಆಫ್, ಅಂದರೆ ದಾಟಲು ಬೇಕಾದ ಕನಿಷ್ಠ ಅಂಕ, 200ಕ್ಕೆ 75.41. ಇದನ್ನು ಲೆಕ್ಕದಲ್ಲಿ ನೋಡೋಣ. ಒಬ್ಬಳು 60 ಪ್ರಶ್ನೆ ಮುಟ್ಟಿ 42 ಸರಿ, 18 ತಪ್ಪು ಮಾಡಿದಳು. 84ರಲ್ಲಿ 12 ಹೋಗಿ 72 ಉಳಿಯಿತು, ಫೇಲ್. ಇನ್ನೊಬ್ಬಳು 80 ಮುಟ್ಟಿ 50 ಸರಿ, 30 ತಪ್ಪು ಮಾಡಿದಳು. 100ರಲ್ಲಿ 20 ಹೋಗಿ 80, ಪಾಸ್. ಎರಡನೆಯವಳು ಮೊದಲನೆಯವಳಿಗಿಂತ ಹನ್ನೆರಡು ತಪ್ಪು ಜಾಸ್ತಿ ಮಾಡಿದ್ದಾಳೆ! ಹಾಗಂತ ಕಣ್ಣು ಮುಚ್ಚಿ ಗುರುತು ಹಾಕಿ ಎಂದಲ್ಲ. ಎರಡು ಆಯ್ಕೆ ಹೊಡೆದು ಹಾಕಲು ಬಂದರೆ ಉಳಿದ ಎರಡರಲ್ಲಿ ಧೈರ್ಯ ಮಾಡಬಹುದು. ಆದರೆ 2023ರಲ್ಲಿ 'ಮೇಲಿನ ಹೇಳಿಕೆಗಳಲ್ಲಿ ಎಷ್ಟು ಸರಿ? ಒಂದು ಮಾತ್ರ, ಎರಡು ಮಾತ್ರ, ಮೂರೂ' ಎಂಬ ಮಾದರಿ ರಾಶಿಗಟ್ಟಲೆ ಬಂತು. ಅಲ್ಲಿ ಆಯ್ಕೆ ಹೊಡೆದು ಹಾಕುವ ಆಟ ನಡೆಯುವುದಿಲ್ಲ. ಪ್ರತಿ ಹೇಳಿಕೆಯೂ ಖಚಿತವಾಗಿ ಗೊತ್ತಿರಬೇಕು. ಜಿಐ ನೋಂದಣಿ ಎಷ್ಟು ವರ್ಷಕ್ಕೆ? ಹತ್ತು, ಆಮೇಲೆ ನವೀಕರಿಸಬೇಕು. ನೋಂದಣಿ ಕಚೇರಿ ಎಲ್ಲಿದೆ? ಚೆನ್ನೈನಲ್ಲಿ. ಓದುವಾಗಲೇ ಇಂಥ ಸಣ್ಣ ವಿವರಕ್ಕೆ ಪೆನ್ಸಿಲ್ ಗೆರೆ ಬೀಳಬೇಕು.

ಎರಡನೇ ಪತ್ರಿಕೆ ಸಿಸ್ಯಾಟ್. 80 ಪ್ರಶ್ನೆ, 200 ಅಂಕ, ಅದರಲ್ಲಿ ಶೇ 33 ಅಂದರೆ 66 ಅಂಕ ಬಂದರೆ ಸಾಕು. ಗದ್ಯಭಾಗ ಓದಿ ಉತ್ತರಿಸುವುದು, ತರ್ಕ, ಹತ್ತನೇ ತರಗತಿ ಮಟ್ಟದ ಲೆಕ್ಕ. 2015ರಿಂದ ಇದು ಬರೀ ಅರ್ಹತಾ ಪತ್ರಿಕೆ. 'ಬರೀ ಅರ್ಹತೆ ಅಲ್ವಾ' ಎಂದು ಬಿಟ್ಟವರೇ ಇಲ್ಲಿ ಜಾರುವುದು. ನನ್ನ ಬಳಿ ಓದುತ್ತಿದ್ದ ಹುಡುಗನೊಬ್ಬ ಮೊದಲ ಪತ್ರಿಕೆಯಲ್ಲಿ ಕಟ್‌ಆಫ್ ಮೇಲೆ ಹದಿನೈದು ಅಂಕ ಇಟ್ಟುಕೊಂಡು, ಸಿಸ್ಯಾಟ್‌ನಲ್ಲಿ 61ಕ್ಕೆ ನಿಂತ. ಒಂದು ವರ್ಷ ಹೋಯಿತು. ಬಿ.ಎ. ಓದಿದವರು, ಅದರಲ್ಲೂ ಲೆಕ್ಕ ಬಿಟ್ಟು ನಾಲ್ಕೈದು ವರ್ಷವಾದವರು, ವಾರಕ್ಕೆ ಎರಡು ದಿನವಾದರೂ ಇದಕ್ಕೆ ಕೊಡಲೇಬೇಕು. ಶೇಕಡಾ, ಅನುಪಾತ, ಸಂಖ್ಯೆಗಳ ಗುಣ, ಜೋಡಣೆಯ ಲೆಕ್ಕ, ಇಷ್ಟರಿಂದ ಶುರು ಮಾಡಿ.

ಪ್ರಿಲಿಮ್ಸ್ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿಲ್ಲ. ಇದನ್ನು ಈಗಲೇ ಒಪ್ಪಿಕೊಳ್ಳಿ. ನಿಮಗೆ ತೊಡಕಾಗುವುದು ಇಂಗ್ಲಿಷ್ ವ್ಯಾಕರಣವಲ್ಲ, ಪಾರಿಭಾಷಿಕ ಪದಗಳು. ಒಂದು ಉದಾಹರಣೆ. ಕನ್ನಡದಲ್ಲಿ ನಾವು ಮನಿ ಬಿಲ್‌ಗೂ ಫೈನಾನ್ಶಿಯಲ್ ಬಿಲ್‌ಗೂ 'ಹಣಕಾಸು ಮಸೂದೆ' ಎಂದೇ ಬರೆದುಬಿಡುತ್ತೇವೆ. ಸಂವಿಧಾನದ 110ನೇ ವಿಧಿಯ ಮನಿ ಬಿಲ್ ಬೇರೆ, 117ನೇ ವಿಧಿಯಲ್ಲಿ ಬರುವ ಫೈನಾನ್ಶಿಯಲ್ ಬಿಲ್ ಬೇರೆ. ಆ ವ್ಯತ್ಯಾಸದ ಮೇಲೆಯೇ ಪ್ರಶ್ನೆ ಬರುವುದು. ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಅದರ ಅರ್ಥವನ್ನು ಒಂದು ಸಾಲಲ್ಲಿ ಬರೆಯುತ್ತಾ ಹೋಗಿ. ಬರೀ ಪದಕ್ಕೆ ಪದ ಬರೆಯಬೇಡಿ, ಅದು ಸುಮ್ನೆ ಕಂಠಪಾಠವಾಗುತ್ತದೆ.

ಈಗ ಮೇನ್ಸ್. ಒಟ್ಟು ಒಂಬತ್ತು ಪತ್ರಿಕೆ. ಎರಡು ಅರ್ಹತೆಗೆ: ಒಂದು ಭಾರತೀಯ ಭಾಷೆ, ನಿಮಗೆ ಕನ್ನಡ, ಇನ್ನೊಂದು ಇಂಗ್ಲಿಷ್. ತಲಾ 300 ಅಂಕ, ಶೇ 25 ಬರಬೇಕು. ಬರದಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಉಳಿದ ಏಳು ಪತ್ರಿಕೆ ತಲಾ 250: ಪ್ರಬಂಧ ಒಂದು, ಸಾಮಾನ್ಯ ಅಧ್ಯಯನ ನಾಲ್ಕು, ಐಚ್ಛಿಕ ವಿಷಯ ಎರಡು. ಒಟ್ಟು 1750. ಇದಕ್ಕೆ ಸಂದರ್ಶನದ 275 ಸೇರಿ 2025.

ಮೇನ್ಸ್ ಸಿಲೆಬಸ್ ಪ್ರಿಲಿಮ್ಸ್‌ನಂತಲ್ಲ, ಪುಟಗಟ್ಟಲೆ ಇದೆ, ಪದ ಪದವೂ ಮುಖ್ಯ. ಸಾಮಾನ್ಯ ಅಧ್ಯಯನ ಮೊದಲ ಪತ್ರಿಕೆಯಲ್ಲಿ ಆಧುನಿಕ ಭಾರತದ ಇತಿಹಾಸ 'ಹದಿನೆಂಟನೇ ಶತಮಾನದ ಸುಮಾರು ಮಧ್ಯಭಾಗದಿಂದ' ಎಂದಿದೆ. ಪ್ರಾಚೀನ ಮತ್ತು ಮಧ್ಯಕಾಲಕ್ಕೆ ಬಂದರೆ ಕಲೆ, ಸಾಹಿತ್ಯ, ವಾಸ್ತುಶಿಲ್ಪ ಎಂದಿದೆ. ಅಂದರೆ ಮೈಸೂರು ಯುದ್ಧಗಳು ಒಳಗೆ ಬಂದವು. ಹೊಯ್ಸಳ ರಾಜರ ವಂಶಾವಳಿ ಹೊರಗೆ ಉಳಿಯಿತು, ಹೊಯ್ಸಳ ದೇವಾಲಯ ಒಳಗೆ ಬಂತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಆ ಸಾಲಿಗೆ ಇನ್ನೂ ತೂಕ ಬಂತು. ಯಾರು ಯಾರ ಮೇಲೆ ಯಾವ ಇಸವಿಯಲ್ಲಿ ದಂಡೆತ್ತಿ ಹೋದರು ಎಂದು ರಾತ್ರಿಯೆಲ್ಲ ಉರುಹೊಡೆಯುವ ಹುಡುಗರಿಗೆ ಈ ಒಂದು ಸಾಲು ತೋರಿಸಿದರೆ ಸಾಕು, ಮುಖ ಬಾಡುತ್ತದೆ.

ನಿಮ್ಮ ಮೆಣಸಿನಕಾಯಿಗೆ ಬರೋಣ. ಮೂರನೇ ಪತ್ರಿಕೆಯಲ್ಲಿ 'ಕೃಷಿ ಉತ್ಪನ್ನಗಳ ಸಂಗ್ರಹಣೆ, ಸಾಗಣೆ ಮತ್ತು ಮಾರುಕಟ್ಟೆ, ಅದರ ಸಮಸ್ಯೆಗಳು' ಎಂಬರ್ಥದ ಸಾಲಿದೆ. ಅದೇ ಪತ್ರಿಕೆಯಲ್ಲಿ ಆಹಾರ ಸಂಸ್ಕರಣೆ ಇದೆ, ಬೌದ್ಧಿಕ ಆಸ್ತಿ ಹಕ್ಕು ಇದೆ, ರೈತರಿಗೆ ತಂತ್ರಜ್ಞಾನದ ನೆರವು ಇದೆ. ಎರಡನೇ ಪತ್ರಿಕೆಯಲ್ಲಿ ಕೇಂದ್ರ ರಾಜ್ಯಗಳ ಅಧಿಕಾರ ಹಂಚಿಕೆ ಇದೆ. ಕೃಷಿ, ಮಾರುಕಟ್ಟೆ ಎರಡೂ ರಾಜ್ಯಪಟ್ಟಿಯ ವಿಷಯ. ಹಾಗಿದ್ದೂ ಕೇಂದ್ರ 2020ರಲ್ಲಿ ಕೃಷಿ ಕಾಯ್ದೆ ತಂದು 2021ರಲ್ಲಿ ವಾಪಸ್ ಪಡೆಯಿತು. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ರಾಜ್ಯ ಎರಡೂ ಕಾನೂನು ಮಾಡಬಹುದು ಎಂಬ ಎಳೆ ಅಲ್ಲಿ ಬರುತ್ತದೆ. ನಾಲ್ಕನೇ ಪತ್ರಿಕೆ ನೀತಿಶಾಸ್ತ್ರ. ಅಲ್ಲಿ ಸುಮಾರು ಅರ್ಧದಷ್ಟು ಅಂಕ ಪ್ರಕರಣ ಅಧ್ಯಯನಕ್ಕೆ. ಬೆಲೆ ಕುಸಿದ ದಿನ ಮಾರುಕಟ್ಟೆ ಕಚೇರಿ ಮುಂದೆ ರೈತರು ಸಿಟ್ಟಿನಿಂದ ಸೇರಿದ್ದಾರೆ, ನೀವು ಅಲ್ಲಿನ ಅಧಿಕಾರಿ, ಏನು ಮಾಡುತ್ತೀರಿ ಎಂದು ಕೇಳಿದರೆ ನಿಮಗೆ ಕಲ್ಪಿಸಿಕೊಳ್ಳಬೇಕಾದ್ದೇ ಇಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಬೆಲೆ ಕುಸಿದು ರೈತರು ಸಿಟ್ಟಿಗೆದ್ದದ್ದು ನಿಮಗೆ ನೆನಪಿರುತ್ತದೆ. ಹೀಗೆ ಒಂದು ವಿಷಯವನ್ನು ನಾಲ್ಕು ಕಡೆ ಹೊಲಿಯುವುದು ಬಂದರೆ ಓದಿನ ಹೊರೆ ಅರ್ಧವಾಗುತ್ತದೆ. ಕಾವೇರಿ ನೀರು, ಪಶ್ಚಿಮ ಘಟ್ಟ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ, ಇವನ್ನೂ ಹೀಗೇ ಹೊಲಿದು ನೋಡಿ.

ಆದರೆ ಗೊತ್ತಿರುವುದು ಬೇರೆ, ಬರೆಯುವುದು ಬೇರೆ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ಮೂರು ಗಂಟೆಗೆ 20 ಪ್ರಶ್ನೆ. ಹತ್ತಕ್ಕೆ 150 ಪದ, ಹತ್ತಕ್ಕೆ 250 ಪದ. ಸರಾಸರಿ ಒಂದಕ್ಕೆ ಒಂಬತ್ತು ನಿಮಿಷ. ಊಟ ಮಾಡಿ ಬಂದು ಮಧ್ಯಾಹ್ನ ಮತ್ತೆ ಮೂರು ಗಂಟೆ. ಕಾಲೇಜಿನಲ್ಲಿ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ತುಂಬಿಸಿ ರೂಢಿಯಾದ ಕೈಗೆ ಇದು ಕಷ್ಟ. ಪೀಠಿಕೆಯಲ್ಲೇ ಪುಟ ಮುಗಿಯುತ್ತದೆ. ವಾರಕ್ಕೆ ಐದು ಉತ್ತರವನ್ನಾದರೂ ಗಡಿಯಾರ ಇಟ್ಟುಕೊಂಡು ಬರೆಯಿರಿ, ಅದೂ ಕೈಯಲ್ಲಿ. ಇನ್ನೊಂದು ಸಮಾಧಾನದ ಮಾತು: 2023ರಲ್ಲಿ ಮೊದಲ ರ‍್ಯಾಂಕ್ ಬಂದವರ ಅಂಕ 2025ಕ್ಕೆ 1099. ಶೇ 54ರ ಆಸುಪಾಸು. ಸಾಮಾನ್ಯ ವರ್ಗದ ಕೊನೆಯ ಕಟ್‌ಆಫ್ 953, ಶೇ 47. ಎಲ್ಲ ಪ್ರಶ್ನೆಗೂ ಅದ್ಭುತ ಉತ್ತರ ಯಾರೂ ಬರೆಯುವುದಿಲ್ಲ. ಎಲ್ಲ ಪ್ರಶ್ನೆಗೂ ತಕ್ಕಮಟ್ಟಿನ ಉತ್ತರ ಬರೆದವರು ದಾಟುತ್ತಾರೆ.

ಕನ್ನಡದಲ್ಲಿ ಬರೆಯಬಹುದಾ? ಖಂಡಿತ ಬರೆಯಬಹುದು. ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಮೇನ್ಸ್ ಬರೆಯಲು ಅವಕಾಶವಿದೆ. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲೇ ಇರುತ್ತದೆ. ಪಾರಿಭಾಷಿಕ ಪದ ಬಂದಾಗ ಕನ್ನಡದ ಪದದ ಜೊತೆ ಇಂಗ್ಲಿಷ್ ರೂಪವನ್ನು ಆವರಣದಲ್ಲಿ ಕೊಡಲು ಆಯೋಗವೇ ಒಪ್ಪುತ್ತದೆ. ಹಾಗಂತ ಪೂರ್ತಿ ವಾಕ್ಯವನ್ನೇ ಇಂಗ್ಲಿಷ್‌ನಲ್ಲಿ ಬರೆದರೆ ಅಂಕ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳುತ್ತೀರಾದರೆ, ನಿಮ್ಮ ತಲೆ ಯಾವ ಭಾಷೆಯಲ್ಲಿ ಯೋಚಿಸುತ್ತದೋ ಅದರಲ್ಲೇ ಬರೆಯಿರಿ. ಆದರೆ ಲೆಕ್ಕ ಹಾಕಿ ನಿರ್ಧರಿಸಿ. ಕನ್ನಡದಲ್ಲಿ ಒಳ್ಳೆಯ ಓದುವ ಸಾಮಗ್ರಿ ಕಡಿಮೆ. ಇಂಗ್ಲಿಷ್‌ನಲ್ಲಿ ಓದಿ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಹೆಚ್ಚುವರಿ ಕೆಲಸ ನಿಮ್ಮದೇ. ಮೂರು ತಿಂಗಳು ಒಂದೇ ಪ್ರಶ್ನೆಗೆ ಎರಡೂ ಭಾಷೆಯಲ್ಲಿ ಉತ್ತರ ಬರೆದು ನೋಡಿ. ಒಂಬತ್ತು ನಿಮಿಷದಲ್ಲಿ ಯಾವುದು ಮುಗಿಯುತ್ತದೋ ಅದು ನಿಮ್ಮ ಮಾಧ್ಯಮ.

ಮಧ್ಯದ ದಾರಿಯೂ ಇದೆ. ಐಚ್ಛಿಕ ವಿಷಯಗಳು ಒಟ್ಟು 48. ಅದರಲ್ಲಿ 23 ಸಾಹಿತ್ಯಗಳು, ಕನ್ನಡವೂ ಒಂದು. ಕನ್ನಡ ಸಾಹಿತ್ಯ ತೆಗೆದುಕೊಂಡರೆ ಆ ಎರಡು ಪತ್ರಿಕೆ, 500 ಅಂಕ, ಕನ್ನಡದಲ್ಲೇ ಬರೆಯಬೇಕು. ಉಳಿದವನ್ನು ಇಂಗ್ಲಿಷ್‌ನಲ್ಲಿ ಬರೆದರೂ ಅಡ್ಡಿಯಿಲ್ಲ. 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಪಡೆದ ಕೋಲಾರದ ಕೆ.ಆರ್. ನಂದಿನಿ ಓದಿದ್ದು ಸಿವಿಲ್ ಎಂಜಿನಿಯರಿಂಗ್, ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. ಇದನ್ನು ಕೇಳಿ 'ನಮ್ಮ ಭಾಷೆ, ಸುಲಭ' ಎಂದು ಹಾರಬೇಡಿ. ಪಂಪನ ಹಳಗನ್ನಡದಿಂದ ದೇವನೂರ ಮಹಾದೇವರವರೆಗೆ ಮೂಲ ಪಠ್ಯವನ್ನೇ ಓದಬೇಕು. ಜೊತೆಗೆ ಭಾಷಾ ಇತಿಹಾಸ, ಕಾವ್ಯಮೀಮಾಂಸೆ, ಕರ್ನಾಟಕದ ಸಾಂಸ್ಕೃತಿಕ ಇತಿಹಾಸ. ಪಂಪನ ನಾಲ್ಕು ಪದ್ಯ ಓದಿದಾಗ ಇನ್ನೂ ನಾಲ್ಕು ಓದೋಣ ಅನ್ನಿಸಿದರೆ ತೆಗೆದುಕೊಳ್ಳಿ. ಅನ್ನಿಸದಿದ್ದರೆ ನೀವು ಪದವಿಯಲ್ಲಿ ಓದಿದ ವಿಷಯವೇ ವಾಸಿ.

ಸಂದರ್ಶನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೆಹಲಿಯ ಧೋಲ್‌ಪುರ್ ಹೌಸ್‌ನಲ್ಲಿ ಅರ್ಧ ಗಂಟೆಯ ಮಾತುಕತೆ. ಕನಿಷ್ಠ ಅಂಕದ ನಿಯಮವಿಲ್ಲ. ಕನ್ನಡದಲ್ಲೇ ಮಾತಾಡಬಹುದು, ದುಭಾಷಿ ಇರುತ್ತಾರೆ. ಪ್ರಶ್ನೆಗಳು ಹೆಚ್ಚಾಗಿ ನೀವು ತುಂಬಿದ ವಿವರವಾದ ಅರ್ಜಿಯಿಂದ ಹುಟ್ಟುತ್ತವೆ. ಹಾವೇರಿ ಎಂದರೆ ಏಲಕ್ಕಿ ಹಾರ, ಕನಕದಾಸರ ಬಾಡ, ರಾಣೆಬೆನ್ನೂರಿನ ಕೃಷ್ಣಮೃಗ. ತಂದೆಯ ಕಸುಬು ಎಂದರೆ ಮತ್ತೆ ಮೆಣಸಿನಕಾಯಿ. ಈ ಸಲ ಯಾರೂ ನೋಂದಣಿ ಕಚೇರಿ ಎಲ್ಲಿದೆ ಎಂದು ಕೇಳುವುದಿಲ್ಲ. 'ಜಿಐ ಬಂದು ಇಷ್ಟು ವರ್ಷವಾಯಿತಲ್ಲ, ನಿಮ್ಮ ತಂದೆಗೆ ಏನು ಸಿಕ್ಕಿತು?' ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಯಾವ ಗೈಡಿನಲ್ಲೂ ಇಲ್ಲ. ಈಗಲೇ ಅಪ್ಪನ ಹತ್ತಿರ ಕೂತು ಕೇಳಿ. ದಲಾಲರ ಕಮಿಷನ್ ಎಷ್ಟು, ಕೋಲ್ಡ್ ಸ್ಟೋರೇಜ್ ಬಾಡಿಗೆ ಎಷ್ಟು, ಇ-ಟೆಂಡರ್ ಬಂದ ಮೇಲೆ ಏನು ಬದಲಾಯಿತು. ಬೇರೆಯವರು ಪುಸ್ತಕದಲ್ಲಿ ಓದುವುದು ನಿಮ್ಮ ಮನೆ ಪಡಸಾಲೆಯಲ್ಲೇ ಇದೆ.

ಕೆಎಎಸ್ ಜೊತೆಗೆ ಓದಬಹುದು, ಆದರೆ ಎರಡೂ ಒಂದೇ ಎಂದುಕೊಳ್ಳಬೇಡಿ. ಕೆಎಎಸ್ ಪರೀಕ್ಷೆ ನಡೆಸುವುದು ಕೆಪಿಎಸ್‌ಸಿ, ಅಂದರೆ ಕರ್ನಾಟಕ ಲೋಕಸೇವಾ ಆಯೋಗ. ಅದರ ಪೂರ್ವಭಾವಿ ಪರೀಕ್ಷೆಯ ಎರಡೂ ಪತ್ರಿಕೆಯ ಅಂಕ ಲೆಕ್ಕಕ್ಕೆ ಬರುತ್ತದೆ. ಎರಡನೇ ಪತ್ರಿಕೆಯ 100 ಪ್ರಶ್ನೆಯಲ್ಲಿ 40 ರಾಜ್ಯಕ್ಕೆ ಸಂಬಂಧಿಸಿದ್ದು, 30 ವಿಜ್ಞಾನ ಮತ್ತು ಪರಿಸರ, 30 ಮಾನಸಿಕ ಸಾಮರ್ಥ್ಯ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯ ಇಲ್ಲ. ಭೂಸುಧಾರಣೆ ಎರಡರಲ್ಲೂ ಇದೆ, ಆದರೆ ಕೆಎಎಸ್‌ಗೆ ದೇವರಾಜ ಅರಸು ಕಾಲದ 1974ರ ತಿದ್ದುಪಡಿಯನ್ನು ಆಳವಾಗಿ ಓದಬೇಕು. ಯುಪಿಎಸ್‌ಸಿಯನ್ನು ಮುಂದಿಟ್ಟುಕೊಂಡು ಓದಿ. ಕೆಎಎಸ್ ಅಧಿಸೂಚನೆ ಬಂದಾಗ ಕರ್ನಾಟಕದ ಭಾಗವನ್ನು ಸೇರಿಸಿಕೊಳ್ಳಿ. ಉಲ್ಟಾ ಮಾಡಿದರೆ ಇಂಗ್ಲಿಷ್ ಪತ್ರಿಕೆಯ ರೂಢಿ ತಪ್ಪುತ್ತದೆ.

ನೀವು ಕೇಳದ ಎರಡು ವಿಷಯ. ಒಂದು, ಅಟೆಂಪ್ಟ್. ಸಾಮಾನ್ಯ ವರ್ಗಕ್ಕೆ 32 ವರ್ಷದೊಳಗೆ ಆರು, ಒಬಿಸಿಗೆ 35ರೊಳಗೆ ಒಂಬತ್ತು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 37ರವರೆಗೆ ಮಿತಿಯಿಲ್ಲ. ಅರ್ಜಿ ಹಾಕಿ ಪರೀಕ್ಷೆಗೆ ಹೋಗದಿದ್ದರೆ ಲೆಕ್ಕವಿಲ್ಲ. ಆದರೆ ಪ್ರಿಲಿಮ್ಸ್‌ನ ಒಂದೇ ಪತ್ರಿಕೆಗೆ ಕೂತರೂ ಒಂದು ಅಟೆಂಪ್ಟ್ ಹೋಯಿತು. 'ಅನುಭವಕ್ಕೆ ಬರೆದು ನೋಡೋಣ' ಎಂದು ತಯಾರಿಯಿಲ್ಲದೆ ಹೋಗಬೇಡಿ. ಅನುಭವ ಬೇಕಿದ್ದರೆ ಹಳೆಯ ಪತ್ರಿಕೆ ಮುದ್ರಿಸಿಕೊಂಡು, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ಹಾಕಿಕೊಂಡು ಬರೆಯಿರಿ.

ಎರಡು, ಜಾತಿ ಪ್ರಮಾಣಪತ್ರ. ರಾಜ್ಯದಲ್ಲಿ 2ಎ, 3ಎ, 3ಬಿ ಇದ್ದವರೆಲ್ಲ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರುತ್ತಾರೆ ಎಂದಿಲ್ಲ. ಕೇಂದ್ರದ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆಯೂ ಬೇರೆ. ನಿಮಗೆ ಅನ್ವಯಿಸುವುದಿದ್ದರೆ ಮೊದಲು ಕೇಂದ್ರದ ಪಟ್ಟಿಯಲ್ಲಿ ಹೆಸರು ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರ ಅಲ್ಲ ಎಂಬ ಉಲ್ಲೇಖದ ಸಮೇತ, ಅಧಿಸೂಚನೆ ಹೇಳಿದ ದಿನಾಂಕದೊಳಗೆ ಮಾಡಿಸಿ. ನಾಡಕಚೇರಿಗೆ ಹೋಗುವಾಗ ಆ ನಮೂನೆಯ ಒಂದು ಪ್ರತಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.